ಹದಿನಾಲ್ಕು ಹಲ್ಲಿನ ಗೇರ್‌ಬಾಕ್ಸ್ ಬಗ್ಗೆ ವೆತೂರಿಯಾ ಬಲಾಬನ್ ಬರೆಸಿದ್ದು

ಹೆಸರು: ವೆತೂರಿಯಾ ಬಲಾಬನ್, ಗಂಡ ಸೊಫ್ರೋನಿಯೆ ಬಲಾಬನ್
ವಯಸ್ಸು: 54 ವರ್ಷ
ಕಸುಬು: ಜೇನು ಸಾಕಣೆ
ವಿಳಾಸ: ಮನೆ ನಂ. 117, ಫುಂತಿನೆಲೆ ಗ್ರಾಮ, ಗಲಾತ್ಸ್ ಜಿಲ್ಲೆ, ರೊಮೇನಿಯಾ

ದಿನಾಂಕ 18-06-2012ರ ಸೋಮವಾರ ಬೆಳಿಗ್ಗೆ 9-20ಕ್ಕೆ ವಾದು ಸಲ್ಚಿಯೆ ಪೊಲೀಸ್ ಠಾಣೆಗೆ ಖುದ್ದು ಬಂದು, ಯಾರ ಒತ್ತಾಯವೂ ಇಲ್ಲದೆ ಬರೆಸುತ್ತಿರುವುದೇನೆಂದರೆ:

ನನ್ನ ಗಂಡ ಸೊಫ್ರೋನಿಯೆ ದಿನಾಂಕ 12-06-2012ರಂದು ಇದೇ ಠಾಣೆಯಲ್ಲಿ, ಇದೇ ಊರಿನ ಮೆಕ್ಯಾನಿಕ್ ಇಸ್ಪಾಸ್ ಬುಜೋರ್ (61 ವರ್ಷ) ಅವರ ಮೇಲೆ ದೂರು ಕೊಟ್ಟಿರುತ್ತಾರೆ. ನಮ್ಮ ಲಾರಿಗೆ ಹೊಂದದ ಕ್ಲಚ್ ಪ್ಲೇಟ್ ತರಿಸಿ, ಹೊತ್ತು ಹಾಳು ಮಾಡಿ, ಲಾರಿಯಲ್ಲಿದ್ದ ಜೇನು ಬೇಗೆಗೆ ಸಾಯಲು ಕಾರಣರಾದರು ಎಂಬುದು ದೂರು. ಇಸ್ಪಾಸ್ ಅವರೂ ತಪ್ಪು ತಮ್ಮದೇ ಎಂದು ಸಹಿ ಹಾಕಿ ಕೊಟ್ಟಿದ್ದಾರಂತೆ. ನಾನು ಆ ದೂರಿನ ಸಾಕ್ಷಿ. ಲಾರಿ ಓಡಿಸುತ್ತಿದ್ದವಳೂ ನಾನೇ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ. ನಡುವೆ ಯಾರೂ ಬಾಯಿ ಹಾಕಬಾರದೆಂದು ಕೇಳಿಕೊಂಡಿದ್ದೇನೆ, ಏಕೆಂದರೆ ಒಮ್ಮೆ ನಿಲ್ಲಿಸಿದರೆ ಮತ್ತೆ ಶುರು ಮಾಡುವ ಧೈರ್ಯ ನನಗಿಲ್ಲ.

ನಮ್ಮದು 1986ರ ಏಳು ಟನ್ನಿನ ಲಾರಿ. ಅದರ ಹಿಂಭಾಗದಲ್ಲಿ ಎಡಕ್ಕೆ ಇಪ್ಪತ್ತನಾಲ್ಕು, ಬಲಕ್ಕೆ ಇಪ್ಪತ್ತನಾಲ್ಕು ಜೇನುಪೆಟ್ಟಿಗೆಗಳನ್ನು ಮೇಲೆ ಕೆಳಗೆ ಎರಡು ಸಾಲಾಗಿ ಕೂರಿಸಿ ಬೋಲ್ಟ್ ಹಾಕಲಾಗಿದೆ. ಹೂವು ಎಲ್ಲಿ ಬಿಟ್ಟರೆ ಲಾರಿ ಅಲ್ಲಿಗೆ ಹೋಗುತ್ತದೆ. ಮೇ ತಿಂಗಳಲ್ಲಿ ಅಕೇಶಿಯಾ, ಜೂನಿನಲ್ಲಿ ನದಿಯಾಚೆ ಲಿಂಡನ್ ಮರಗಳು, ಜುಲೈನಲ್ಲಿ ಸೂರ್ಯಕಾಂತಿ. ಹತ್ತೊಂಬತ್ತು ವರ್ಷದಿಂದ ಹೀಗೇ ಬದುಕಿದ್ದೇವೆ. ನಮಗೆ ಹೊಲವಿಲ್ಲ, ಬೇರೆ ಕಸುಬಿಲ್ಲ. ನನ್ನ ಗಂಡ ಜಾಗ ಹದ ಮಾಡಲು ಎರಡು ದಿನ ಮುಂಚೆಯೇ ಲಿಂಡನ್ ಕಾಡಿಗೆ ಹೋಗಿದ್ದರು.

ದಿನಾಂಕ 11-06-2012ರ ಸೋಮವಾರ ಮುಂಜಾನೆ 4-10ಕ್ಕೆ, ಹುಳುಗಳೆಲ್ಲ ಒಳಗಿರುವಾಗಲೇ, ನಲವತ್ತೆಂಟು ಪೆಟ್ಟಿಗೆಗಳ ಬಾಗಿಲನ್ನೂ ಮುಚ್ಚಿ ಪಿನ್ನು ಹಾಕಿದೆ. 4-40ಕ್ಕೆ ಹೊರಟೆ. ಪೆಟ್ಟಿಗೆಯ ತಲೆಯ ಮೇಲೆ ಗಾಳಿಗೆ ಜಾಲರಿ ಇದೆ. ಲಾರಿ ಓಡುತ್ತಿದ್ದರೆ ಗಾಳಿ ಆಡುತ್ತದೆ. ಬಿಸಿಲಲ್ಲಿ ನಿಂತರೆ ಆಡುವುದಿಲ್ಲ. ನಿಂತ ಲಾರಿಯಲ್ಲಿ, ಮುಚ್ಚಿದ ಬಾಗಿಲಲ್ಲಿ, ಬೆಳಿಗ್ಗೆ ಹತ್ತು ಗಂಟೆಯವರೆಗೆ ತಡೆದಾವು, ಹನ್ನೊಂದಕ್ಕೆ ದೇವರೇ ಗತಿ ಎಂಬುದು ಜೇನು ಸಾಕುವ ಯಾರಿಗೂ ಗೊತ್ತು.

71 ಕಿ.ಮೀ. ಓಡಿಸಿ 6-35ಕ್ಕೆ ಡ್ಯಾನ್ಯೂಬ್ ನದಿಯ ಈಚೆ ದಡಕ್ಕೆ ಬಂದೆ. ವಾಹನ ದಾಟಿಸುವ ಲಾಂಚ್ ಆ ದಿನ ತಡ. ಸಾಲು ದಡದ ದಿಬ್ಬ ಹತ್ತುವ ಏರುದಾರಿಯಲ್ಲಿತ್ತು. ನಿಲ್ಲಿಸು, ಹತ್ತು ಅಡಿ ಬಿಡು, ಮತ್ತೆ ನಿಲ್ಲಿಸು. ನಮ್ಮ ಲಾರಿಯ ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ, ಹಾಗಾಗಿ ಅರ್ಧ ಕ್ಲಚ್ಚಿನಲ್ಲೇ ಹಿಡಿದು ನಿಂತಿದ್ದೆ. ಸುಟ್ಟ ವಾಸನೆ ಬಂತು. ಹಿಂದಿನ ಕಾರಿನವನು ಕಿಟಕಿಯಿಂದ ತಲೆ ಹೊರಹಾಕಿ, ‘ಅಕ್ಕಾ, ಜೇನು ಹುರೀತಾ ಇದೀರೋ ಕ್ಲಚ್ ಹುರೀತಾ ಇದೀರೋ’ ಎಂದು ಕೇಳಿದನು. ನಾನು ನಕ್ಕೆ. ಆಗ ನಗಬಹುದಿತ್ತು.

7-55ಕ್ಕೆ ಆಚೆ ದಡದಲ್ಲಿ ಲಾಂಚಿನಿಂದ ಇಳಿಯುವಾಗ ಕ್ಲಚ್ ಪೂರ್ತಿ ಹೋಯಿತು. ಎಂಜಿನ್ ಕೂಗಿತು, ಚಕ್ರ ತಿರುಗಲಿಲ್ಲ. ಲಾಂಚಿನವರ ಸಣ್ಣ ಟ್ರ್ಯಾಕ್ಟರ್ ನಮ್ಮ ಲಾರಿಯನ್ನು 40 ಮೀಟರ್ ಎಳೆದು ಲಾಂಚ್ ಕಟ್ಟೆಯ ಅಂಗಳದ ಮೂಲೆಗೆ ಬಿಟ್ಟಿತು. ಅಂಗಳದ ಒಂದು ಕಡೆ ನೀರು, ಇನ್ನೊಂದು ಕಡೆ ಪ್ರವಾಹ ತಡೆಯುವ ಎತ್ತರದ ಏರಿ. ಏರಿಯ ಮೇಲೆ ಹತ್ತುವ ದಾರಿ ಕಡಿದು. ಆ ಟ್ರ್ಯಾಕ್ಟರ್ ಅಲ್ಲೇ ಸೋತಿತು. ಒಬ್ಬ ಲಾರಿ ಡ್ರೈವರ್ ಹಗ್ಗ ಕಟ್ಟಿ ಎಳೆದು ನೋಡಿದ, ಹಗ್ಗ ಹರಿದು ಒಬ್ಬರ ಕಾರಿನ ಗಾಜಿಗೆ ಹೊಡೆಯಿತು. ಏರಿ ದಾಟಿ 900 ಮೀಟರ್ ಹೋದರೆ ಪಾಪ್ಲರ್ ತೋಪು, ನೆರಳು, ಜನರಿಲ್ಲದ ಜಾಗ. ಅಲ್ಲಿಗೆ ಹೋಗಿ ಬಾಗಿಲು ತೆಗೆದಿದ್ದರೆ ಎಲ್ಲವೂ ಬದುಕುತ್ತಿದ್ದವು. 900 ಮೀಟರ್ ಎಂದು ನಾನು ಅಂದಾಜಿನಲ್ಲಿ ಹೇಳುತ್ತಿಲ್ಲ. ಮರುದಿನ ಹೆಜ್ಜೆ ಹಾಕಿ ಅಳೆದಿದ್ದೇನೆ.

8-10ಕ್ಕೆ ಕರ್ತವ್ಯದ ಮೇಲಿದ್ದ ಪೊಲೀಸರೊಬ್ಬರು ಬಂದರು. ಅವರು ಈಗ ಈ ಹೇಳಿಕೆಯನ್ನು ಟೈಪ್ ಮಾಡುತ್ತಿರುವವರೇ. ಹಗ್ಗ ಹರಿದದ್ದಕ್ಕೆ ಗದರಿ, ಇನ್ನು ಯಾರೂ ಎಳೆಯಕೂಡದು ಎಂದರು. ಲಾರಿಯ ನೋಂದಣಿ ಪುಸ್ತಕ ಕೇಳಿದರು, ಕೊಟ್ಟೆ. ಅಲ್ಲೇ ಬಾಗಿಲು ತೆಗೆಯುತ್ತೇನೆ ಎಂದು ಕೇಳಿದ್ದಕ್ಕೆ, ಈ ದಡದಲ್ಲಿ ಲಾಂಚಿಗೆ ಕಾದ ಸಾಲಿನಲ್ಲಿ ಅರವತ್ತು ವಾಹನ ಇವೆ, ಮಠಕ್ಕೆ ಹೊರಟ ಮುದುಕಿಯರ ಬಸ್ಸಿದೆ, ಹುಳು ಕಚ್ಚಿ ಯಾರಾದರೂ ಸತ್ತರೆ ನಿಮ್ಮನ್ನೂ ನನ್ನನ್ನೂ ಒಟ್ಟಿಗೇ ಒಳಗೆ ಹಾಕುತ್ತಾರೆ ಎಂದು ತಿಳಿಸಿದರು. ಅದು ನ್ಯಾಯವಾದ ಮಾತು. ಅವರ ಮೇಲೆ ನನ್ನ ದೂರಿಲ್ಲ.

ಟಿಕೆಟ್ ಕೊಡುವ ಹೆಂಗಸು ಫೋನ್ ಮಾಡಿ ಕರೆಸಿದ್ದರಿಂದ 8-25ಕ್ಕೆ ಇಸ್ಪಾಸ್ ಅವರು ಬಂದರು. ಅವರನ್ನು ನಾನು ಅದಕ್ಕೆ ಮೊದಲು ಕಂಡವಳಲ್ಲ. ಲಾರಿಯ ಅಡಿಗೆ ಇಣುಕಿದರು, ಪೆಡಲ್ ಒತ್ತಿ ನೋಡಿದರು, ಪೆಟ್ಟಿಗೆಗೆ ಕಿವಿ ಇಟ್ಟು ಕೇಳಿದರು. ಎದ್ದು ನಿಂತು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. ‘ನೋಡಿ ಅಕ್ಕಾ, ಎರಡು ದಾರಿ ಇದೆ. ಅರಣ್ಯದವರ ಚೈನ್ ಟ್ರ್ಯಾಕ್ಟರ್ ಹದಿನೇಳು ಕಿಲೋಮೀಟರ್ ದೂರದಲ್ಲಿದೆ. ಆಮೆ ಥರ ಬರತ್ತೆ, ಎರಡು ಗಂಟೆ ಬೇಕು, ಆದ್ರೆ ಏರಿ ಹತ್ತಿಸತ್ತೆ. ಒಂಬತ್ತಕ್ಕೆ ಅದು ಕಾಡೊಳಗೆ ಹೋದ್ರೆ ಮುಗೀತು, ಫೋನ್ ಸಿಗಲ್ಲ. ಇಲ್ಲಾಂದ್ರೆ ನಾನು ಇಲ್ಲೇ ಗೇರ್‌ಬಾಕ್ಸ್ ಇಳಿಸ್ತೀನಿ, ಅಷ್ಟರಲ್ಲಿ ಅಂಗಡಿಯಿಂದ ಪ್ಲೇಟ್ ಬರತ್ತೆ, ಹತ್ತೂವರೆ ಹನ್ನೊಂದಕ್ಕೆ ನೀವೇ ಓಡಿಸ್ಕೊಂಡು ಹೋಗ್ತೀರಿ. ಆದ್ರೆ ಎಲ್ಲಾ ಕಂಪನಿದೇ ಇರ್ಬೇಕು. ಈ ಗೇರ್‌ಬಾಕ್ಸ್ ಇದರದೇನಾ, ಬೇರೆದು ಹಾಕಿದೀರಾ? ಬೇರೆದಾದ್ರೆ ಈಗ್ಲೇ ಹೇಳಿ, ಟ್ರ್ಯಾಕ್ಟರ್‌ನೇ ಕರೆಸೋಣ.’

ಆಗ ಗಂಟೆ 8-30. ಪೊಲೀಸರು ನನ್ನಿಂದ ಒಂದೂವರೆ ಮೀಟರ್ ದೂರದಲ್ಲಿ ನಮ್ಮ ಲಾರಿಯ ಪುಸ್ತಕದ ಹಾಳೆ ತಿರುವುತ್ತಿದ್ದರು.

‘ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಇದೆ’ ಎಂದು ನಾನು ಹೇಳಿದೆ.

ಅದು ಸುಳ್ಳು. 2003ನೇ ಇಸವಿಯ ಚಳಿಗಾಲದಲ್ಲಿ ನಮ್ಮ ಮೂಲ ಗೇರ್‌ಬಾಕ್ಸ್ ಒಡೆದಾಗ, ನನ್ನ ಗಂಡ ಗುಜರಿಗೆ ಬಂದಿದ್ದ ಬೇರೊಂದು ಜಾತಿಯ ಲಾರಿಯ ಗೇರ್‌ಬಾಕ್ಸ್ ತಂದು ನಮ್ಮ ಹಿತ್ತಲಲ್ಲೇ ಕೂರಿಸಿದರು. ದೀಪ ಹಿಡಿದವಳು ನಾನು. ಅದನ್ನು ಪುಸ್ತಕಕ್ಕೆ ಏರಿಸಲಿಲ್ಲ. ಏರಿಸಲು ಹೋದರೆ ಪಾಸಾಗುವುದಿಲ್ಲ, ನಂಬರ್ ಫಲಕ ಕಿತ್ತುಕೊಳ್ಳುತ್ತಾರೆ. ನಮ್ಮ ಊರಲ್ಲಿ ಒಬ್ಬರ ಲಾರಿಯ ಫಲಕ ಆಕ್ಸಲ್ ಬದಲಿಸಿದ್ದಕ್ಕೆ ರಸ್ತೆಯಲ್ಲೇ ಬಿಚ್ಚಿದರು, ಅವರು ಆ ವರ್ಷವೇ ಜೇನು ಬಿಟ್ಟರು. ನಮ್ಮ ಕಡೆ ಯಾರ ಲಾರಿಯೂ ಪುಸ್ತಕದಲ್ಲಿದ್ದಂತೆ ಇಲ್ಲ. ಎಲ್ಲರ ಬಾಯಲ್ಲೂ ಇರುವುದು ಇದೇ ಉತ್ತರ. ಒಂಬತ್ತು ವರ್ಷ ತಪಾಸಣೆಯವರಿಗೆಲ್ಲ ಇದನ್ನೇ ಹೇಳಿ ನನ್ನ ನಾಲಿಗೆಗೆ ಅದು ರೂಢಿಯಾಗಿತ್ತು. ಕ್ಲಚ್ ಎಂಜಿನ್ನಿಗೆ ಸೇರಿದ್ದು, ಎಂಜಿನ್ ಕಂಪನಿಯದೇ ಇದೆ, ಗೇರ್‌ಬಾಕ್ಸ್ ಯಾವುದಾದರೇನು ಎಂದು ಆ ಕ್ಷಣ ನನ್ನಷ್ಟಕ್ಕೆ ನಾನು ಅಂದುಕೊಂಡದ್ದೂ ಉಂಟು. ಅದು ಹೇಳಿದ ಮೇಲೆ ಹುಡುಕಿಕೊಂಡ ಸಮಾಧಾನ. ಹೇಳುವಾಗ ನನಗಿದ್ದದ್ದು ಪೊಲೀಸರ ಭಯ ಒಂದೇ.

(ಇಲ್ಲಿ ಬರೆದುಕೊಳ್ಳುತ್ತಿರುವವರು ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬರೆಯಿರಿ ಸಾಹೇಬರೇ ಎಂದೆ.)

ಇಸ್ಪಾಸ್ ಅವರು ಪುಸ್ತಕದಲ್ಲಿದ್ದ ಮಾದರಿಯನ್ನೇ ಓದಿ 34 ಕಿ.ಮೀ. ದೂರದ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದರು. ಜಾಕಿ ಕೊಟ್ಟು, ಮರದ ದಿಮ್ಮಿ ಇಟ್ಟು, ಗೇರ್‌ಬಾಕ್ಸ್ ಬಿಚ್ಚಲು ಮಲಗಿದರು. ನಾನು ಮತ್ತು ಲಾಂಚಿನ ಇಬ್ಬರು ಆಳುಗಳು ನದಿಯಿಂದ ಬಕೆಟ್ಟಿನಲ್ಲಿ ನೀರು ತಂದು ಪೆಟ್ಟಿಗೆಗಳ ಮೇಲೆ ಸುರಿಯುತ್ತಿದ್ದೆವು. ಪೊಲೀಸರೂ ಟೋಪಿ ತೆಗೆದಿಟ್ಟು ಹನ್ನೊಂದು ಬಕೆಟ್ ತಂದರು. ಬಸ್ಸಿನ ಮುದುಕಿಯೊಬ್ಬಳು ತನ್ನ ಕಂಬಳಿ ಕೊಟ್ಟು, ‘ಒದ್ದೆ ಮಾಡಿ ಹೊದಿಸು ಮಗಾ, ನನಗೆ ಈ ಸೆಕೆಯಲ್ಲಿ ಯಾಕೆ’ ಎಂದಳು.

9-50ಕ್ಕೆ ಗೇರ್‌ಬಾಕ್ಸ್ ಕೆಳಗಿಳಿಯಿತು. ಇಸ್ಪಾಸ್ ಅವರು ಅದರ ಮೂತಿಯ ಶಾಫ್ಟನ್ನು ಬಟ್ಟೆಯಿಂದ ಒರೆಸಿ, ಹೆಬ್ಬೆರಳ ಉಗುರಿನಿಂದ ಅದರ ಹಲ್ಲುಗಳನ್ನು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ನನ್ನನ್ನು ಲಾರಿಯ ಅಡಿಗೆ ಕರೆದು, ಪೊಲೀಸರಿಗೆ ಕೇಳದಷ್ಟು ಮೆಲ್ಲಗೆ, ‘ಇದು ಯಾವುದರ ಗೇರ್‌ಬಾಕ್ಸ್ ಅಕ್ಕಾ’ ಎಂದು ಕೇಳಿದರು. ನಾನು ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಕ್ಲಚ್ ಪ್ಲೇಟ್ ಅಂದ್ರೆ ಸೊಸೆ ಇದ್ದ ಹಾಗೆ. ಮುಖ ಎಂಜಿನ್ನಿನ ಫ್ಲೈವೀಲಿಗೆ ಹೊಂದಬೇಕು, ಒಳಗಿನ ಹಲ್ಲು ಗೇರ್‌ಬಾಕ್ಸ್ ಶಾಫ್ಟಿಗೆ ಹೊಂದಬೇಕು. ಒಂದು ಮನೆಗೆ ಹೊಂದಿದ್ರೆ ಸಾಲಲ್ಲ. ಈಗ ಬರ್ತಿರೋ ಪ್ಲೇಟಿಗೆ ಹತ್ತು ಹಲ್ಲು. ಇದಕ್ಕೆ ಹದಿನಾಲ್ಕು. ಇಷ್ಟು ಅಗಲದ ಹದಿನಾಲ್ಕು ಹಲ್ಲಿನ ಪ್ಲೇಟ್ ಯಾವ ಅಂಗಡಿಯಲ್ಲೂ ಇಲ್ಲ ಅಕ್ಕಾ, ನಿಮ್ಮೆಜಮಾನ್ರು ಕೈಯಾರೆ ಮಾಡಿಕೊಂಡಿದ್ದಾರೆ’ ಎಂದರು. ಹೊರಗೆ ಬಂದು ಎಲ್ಲರಿಗೂ ಕೇಳುವಂತೆ, ‘ಛೆ, ಅಂಗಡಿಗೆ ನಾನೇ ತಪ್ಪು ನಂಬರ್ ಹೇಳ್ಬಿಟ್ಟೆ, ವಯಸ್ಸಾಯ್ತು ನೋಡಿ’ ಎಂದರು. ಪೊಲೀಸರು, ಇನ್ನು ಮೇಲೆ ಕನ್ನಡಕ ಹಾಕಿಕೊಳ್ಳಿ ಎಂದು ತಮಾಷೆ ಮಾಡಿದರು. ನಾನು ಖಾಲಿ ಬಕೆಟ್ ಹಿಡಿದು ನಿಂತಿದ್ದೆ.

9-58ಕ್ಕೆ ಚೈನ್ ಟ್ರ್ಯಾಕ್ಟರಿನವರಿಗೆ ಫೋನ್ ಮಾಡಿದರು. ಸಿಗಲಿಲ್ಲ. ಮತ್ತೆ ನಾಲ್ಕು ಸಲ ಮಾಡಿದರು. 10-10ಕ್ಕೆ ಅಂಗಡಿಯ ಪ್ಲೇಟ್ ಬಂತು, ಹೊಸದು, ಎಣ್ಣೆ ಕಾಗದದಲ್ಲಿ ಸುತ್ತಿದ್ದು. ಶಾಫ್ಟಿನ ಮೇಲೆ ಕೂರಲಿಲ್ಲ. ಆಗ ಇಸ್ಪಾಸ್ ಅವರು ಹೊಸ ಪ್ಲೇಟಿನ ನಡುಭಾಗವನ್ನೂ ಸುಟ್ಟ ಪ್ಲೇಟಿನ ನಡುಭಾಗವನ್ನೂ ರಿವಿಟ್ ಕೊರೆದು ಬಿಚ್ಚಿ, ಹಳೆಯ ಹದಿನಾಲ್ಕು ಹಲ್ಲಿನದನ್ನು ಹೊಸ ಮುಖಕ್ಕೆ ಕೂಡಿಸಲು ಕುಳಿತರು. ಒಟ್ಟು ಮೂವತ್ತೆರಡು ರಿವಿಟ್. ಕೈಯಲ್ಲಿ ತಿರುಗಿಸುವ ಡ್ರಿಲ್ಲು. ಕಮ್ಮಾರರ ಅಡಿಗಲ್ಲಿನ ಬದಲು ಲಾಂಚ್ ಕಟ್ಟುವ ಕಬ್ಬಿಣದ ಗೂಟ. ಒಂದು ಕೂದಲೆಳೆ ಓರೆಯಾದರೂ ಲಾರಿ ಅದುರುತ್ತದೆ, ಏರಿಯ ಮೇಲೇ ಮತ್ತೆ ಒಡೆಯುತ್ತದೆ ಎಂದು ಹೇಳಿ, ಪ್ರತಿ ರಿವಿಟ್ಟಿಗೂ ಅಳೆದರು. ಬೇಗ ಬೇಗ ಎಂದು ನಾನು ಅವರ ಪ್ರಾಣ ತಿಂದೆ. ಅವರು ತಲೆ ಎತ್ತದೆ, ‘ಆಯ್ತಕ್ಕಾ, ಆಯ್ತು’ ಎನ್ನುತ್ತಿದ್ದರು.

ಲಾಂಚ್ ಕಟ್ಟೆಯ ಗೋಡೆಯ ಥರ್ಮಾಮೀಟರಿನಲ್ಲಿ 10-40ಕ್ಕೆ 33 ಡಿಗ್ರಿ, 11-30ಕ್ಕೆ 36 ಡಿಗ್ರಿ ಇತ್ತು. ಪೆಟ್ಟಿಗೆಗಳ ಸದ್ದು ಮೊದಲು ಏರುತ್ತಾ ಹೋಯಿತು. ಒಳಗೆ ಎಲ್ಲವೂ ರೆಕ್ಕೆ ಬಡಿದು ತಂಪು ಮಾಡಿಕೊಳ್ಳಲು ನೋಡುವ ಸದ್ದು ಅದು. 11-35ರ ಹೊತ್ತಿಗೆ ಎಡಗಡೆಯ ಮೇಲಿನ ಸಾಲಿನಿಂದ ಮೇಣ ಕರಗಿ ಜೇನು ತೊಟ್ಟಿಕ್ಕತೊಡಗಿತು. 12-05ಕ್ಕೆ ಎಡಗಡೆಯ ಸದ್ದು ನಿಂತಿತು. ಲಾಂಚ್ ಎಂಜಿನ್ ಬಂದ್ ಆಯಿತೆಂದು ನಾನು ತಿಳಿದೆ. ತಿರುಗಿ ನೋಡಿದರೆ ಲಾಂಚ್ ನದಿಯ ನಡುವೆ ಇತ್ತು.

12-20ಕ್ಕೆ ನಾನು ಯಾರನ್ನೂ ಕೇಳದೆ ಪಿನ್ನು ಕೀಳತೊಡಗಿದೆ. ಪೊಲೀಸರು ಓಡಿ ಬಂದರು, ತಡೆಯಲಿಲ್ಲ, ಸಾಲನ್ನು 100 ಮೀಟರ್ ಹಿಂದಕ್ಕೆ ಸರಿಸಿ ಬಂದರು. ಮೊದಲೇ ಸರಿಸಬಹುದಿತ್ತಲ್ಲ ಎಂದು ಕೇಳಲು ನನಗೆ ಮುಖವಿರಲಿಲ್ಲ. ಎಡಗಡೆ ಇಪ್ಪತ್ತನಾಲ್ಕು ಬಾಗಿಲು ತೆಗೆದೆ. ಒಂದರಿಂದಲೂ ಹುಳು ಹಾರಲಿಲ್ಲ. ಎಲ್ಲವೂ ಬಾಗಿಲಿಗೆ ಬಂದು ಒಂದರ ಮೇಲೊಂದು ಒತ್ತಿಕೊಂಡು ಸತ್ತಿದ್ದವು, ನೀರಲ್ಲಿ ಅದ್ದಿ ತೆಗೆದಂತೆ ಕಪ್ಪಗೆ ಒದ್ದೆಯಾಗಿದ್ದವು. ಕೈಯಿಂದ ತೋಡಿ ತೆಗೆದೆ, ಬಿಸಿಯಾಗಿದ್ದವು. ಬಲಗಡೆ, ನದಿಯ ಮಗ್ಗುಲ ಕೆಳಸಾಲಿನ ಐದು ಪೆಟ್ಟಿಗೆಗಳಿಂದ ಮಾತ್ರ ಹುಳು ಹೊರಬಂದವು, ಹಾರಲಿಲ್ಲ, ನಡೆದವು. ಅಂದು ಯಾರಿಗೂ ಒಂದು ಹುಳುವೂ ಕಚ್ಚಲಿಲ್ಲ. ಐದರಲ್ಲಿ ಈಗ ಎರಡು ಉಳಿದಿವೆ.

12-45ಕ್ಕೆ ರಿವಿಟ್ ಕೆಲಸ ಮುಗಿಯಿತು. ಇನ್ನು ಬಿಡಿ ಎಂದು ಇಸ್ಪಾಸ್ ಅವರಿಗೆ ಹೇಳಿದೆ. ಅವರು ಬಿಡಲಿಲ್ಲ. ಲಾರಿಯಡಿ ಮಲಗಿ ಗೇರ್‌ಬಾಕ್ಸ್ ಎತ್ತಿ ಕೂರಿಸುವಾಗ ಮೇಲಿಂದ ಜೇನೂ ಸತ್ತ ಹುಳುಗಳೂ ಅವರ ಮುಖದ ಮೇಲೆ ಬೀಳುತ್ತಿದ್ದವು. ಎರಡು ಕೈಯೂ ಕೆಲಸದಲ್ಲಿದ್ದದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ನಾನು ಪಕ್ಕದಲ್ಲಿ ಕುಳಿತು ನನ್ನ ತಲೆವಸ್ತ್ರದಿಂದ ಅವರ ಕಣ್ಣು ಒರೆಸಿದೆ. ‘ಸಾಹೇಬ್ರು ಇಲ್ಲಿರೋವರೆಗೂ ಬಾಯಿ ಬಿಡಬೇಡಿ. ಹುಳು ಹೋಯ್ತು, ಲಾರಿನೂ ಹೋಗೋದು ಬೇಡ’ ಎಂದು ಅವರು ಹೇಳಿದರು.

1-30ಕ್ಕೆ ನನ್ನ ಗಂಡ ಸುದ್ದಿ ತಿಳಿದು ಯಾರದೋ ಕಾರಿನಲ್ಲಿ ಬಂದರು. ಎಡಗಡೆಯ ಬಾಗಿಲುಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಎಣಿಸುತ್ತಿದ್ದರೆಂದು ಕಾಣುತ್ತದೆ, ತುಟಿ ಅಲ್ಲಾಡುತ್ತಿತ್ತು. ‘ಯಾರು ಮಾಡಿದ್ದು ಇದು’ ಎಂದು ಕೇಳಿದರು. ಇಸ್ಪಾಸ್ ಅವರು ಅಡಿಯಿಂದ ಎದ್ದು ಬಂದು, ‘ನಾನೇ ಯಜಮಾನ್ರೇ. ಹಲ್ಲು ಎಣಿಸೋ ಮೊದ್ಲೇ ಪ್ಲೇಟ್ ಹೇಳ್ಬಿಟ್ಟೆ’ ಎಂದರು. ನನ್ನ ಗಂಡ ಅವರ ಕೆನ್ನೆಗೆ ಹೊಡೆದು, ‘ನೀನು ಮೆಕ್ಯಾನಿಕ್ಕಾ, ಕಟುಕನಾ? ನಿನ್ನ ಕೈಗೆ ಸ್ಪ್ಯಾನರ್ ಕೊಟ್ಟವರ ಮನೆ ಹಾಳಾಗ’ ಎಂದು ಸಾಲಿನಲ್ಲಿದ್ದ ಜನರೆಲ್ಲರ ಎದುರು ಬೈದರು. ನಾನು ಎರಡು ಮೀಟರ್ ದೂರದಲ್ಲಿದ್ದೆ. ಇಸ್ಪಾಸ್ ಅವರು ಕೆನ್ನೆ ಮುಟ್ಟಿಕೊಳ್ಳದೆ ಮತ್ತೆ ಅಡಿಗೆ ಹೋಗಿ ಉಳಿದ ಬೋಲ್ಟ್ ಬಿಗಿಮಾಡಿದರು. 2-20ಕ್ಕೆ ಲಾರಿ ಏರಿ ಹತ್ತಿತು.

ಅದೇ ಸಂಜೆ 7-00ಕ್ಕೆ, ಪಾಪ್ಲರ್ ತೋಪಿನಲ್ಲಿ ಪೆಟ್ಟಿಗೆಗಳಿಂದ ಕರಗಿದ ಮೇಣದ ಎರಿಗಳನ್ನು ಹೊರಗೆ ಹಾಕುವಾಗ, ನನ್ನ ಗಂಡ, ‘ಗೇರ್‌ಬಾಕ್ಸ್ ಬೇರೆದು ಅಂತ ಅವನಿಗೆ ನೀನು ಹೇಳಿದ್ದೆ ತಾನೇ’ ಎಂದು ಕೇಳಿದರು. ಹೇಳಿದ್ದೆ ಎಂದೆ. ಇದು ಎರಡನೆಯ ಸುಳ್ಳು. ಮೊದಲನೆಯದನ್ನು ಭಯಕ್ಕೆ ಹೇಳಿದೆ ಎನ್ನಬಹುದು. ಎರಡನೆಯದಕ್ಕೆ ನನ್ನ ಬಳಿ ಯಾವ ಕಾರಣವೂ ಇಲ್ಲ. ಅದರ ಮೇಲೆಯೇ ಮರುದಿನ ಅವರು ದೂರು ಕೊಟ್ಟದ್ದು.

ನಿನ್ನೆ ಭಾನುವಾರ ಬೆಳಿಗ್ಗೆ 11-00ಕ್ಕೆ ನಾನೊಬ್ಬಳೇ ಇಸ್ಪಾಸ್ ಅವರ ಮನೆಗೆ ಹೋಗಿದ್ದೆ. ಅವರ ಗ್ಯಾರೇಜಿನ ಬಾಗಿಲಿಗೆ ಯಾರೋ ಸುಣ್ಣದಲ್ಲಿ ಕಟುಕ ಎಂದು ಬರೆದಿದ್ದರು. ಅವರ ಹೆಂಡತಿ ಅದನ್ನು ಉಜ್ಜುತ್ತಿದ್ದರು. ವಾರದಿಂದ ಒಂದು ಗಾಡಿಯೂ ಬಂದಿಲ್ಲ. ನಾನು ಠಾಣೆಗೆ ಹೋಗಿ ನಿಜ ಹೇಳುತ್ತೇನೆ ಎಂದಾಗ ಇಸ್ಪಾಸ್ ಅವರು, ‘ಹೋಗ್ಲಿ ಬಿಡಿ ಅಕ್ಕಾ. ನನಗೆ ಇನ್ನೆಷ್ಟು ವರ್ಷ ಕೆಲಸ? ನಿಮಗೆ ಆ ಲಾರಿ ಬಿಟ್ರೆ ಏನಿದೆ’ ಎಂದರು. ಕಾಫಿ ಕೊಟ್ಟರು. ಕುಡಿಯಲು ನನ್ನಿಂದ ಆಗಲಿಲ್ಲ. ಅವರ ಹೆಂಡತಿ ಗೋಡೆಯ ಕಡೆ ಮುಖ ಮಾಡಿ, ‘ನೀವು ಹೇಳ್ಬೇಕು’ ಎಂದಷ್ಟೇ ಹೇಳಿದರು.

ಹೀಗಾಗಿ ಹೇಳುತ್ತಿದ್ದೇನೆ. ಇಸ್ಪಾಸ್ ಬುಜೋರ್ ಅವರದು ಯಾವ ತಪ್ಪೂ ಇಲ್ಲ. ಕೇಳಬೇಕಾದದ್ದನ್ನು ಅವರು ಸರಿಯಾದ ಹೊತ್ತಿಗೆ ಕೇಳಿದರು. ತಪ್ಪು ಉತ್ತರ ಕೊಟ್ಟವಳು ನಾನು. ಈ ಹೇಳಿಕೆಯಿಂದ ಲಾರಿಯ ಫಲಕ ಹೋಗುತ್ತದೆ, ದಂಡವೂ ಬೀಳಬಹುದು ಎಂದು ಬರೆದುಕೊಳ್ಳುತ್ತಿರುವವರು ನನಗೆ ತಿಳಿಸಿದರು, ಬೇಕಾದರೆ ಈ ಹಾಳೆ ಹರಿದು ಹಾಕುತ್ತೇನೆ ಎಂದೂ ಹೇಳಿದರು. ಬೇಡವೆಂದೆ. ಲಾರಿ ಠಾಣೆಯ ಹೊರಗೆ ನಿಂತಿದೆ, ನಾನೇ ಓಡಿಸಿಕೊಂಡು ಬಂದೆ. ಯಾರು ಬೇಕಾದರೂ ಬಿಚ್ಚಿ ಎಣಿಸಬಹುದು, ಹದಿನಾಲ್ಕು ಹಲ್ಲು. ಇಸ್ಪಾಸ್ ಅವರು ಕೂಡಿಸಿದ ಕ್ಲಚ್ ಚೂರೂ ಅದುರದೆ ಹಿಡಿಯುತ್ತದೆ. ಇದನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಂಡೆ, ಬರೆದಿದ್ದಾರೆ.

ಬರೆದದ್ದನ್ನು ಓದಿಸಿ ಕೇಳಿದೆ. ಇದರಲ್ಲಿರುವುದು ನಾನು ಕಂಡದ್ದು, ನಾನು ಮಾಡಿದ್ದು. ಒಂದಕ್ಷರ ಸೇರಿಸುವುದಾಗಲಿ ತೆಗೆಯುವುದಾಗಲಿ ಬೇಡ. ಕೊನೆಗೆ ಒಂದು ಕೋರಿಕೆ: ನನ್ನ ಗಂಡ ಲಾರಿಯಲ್ಲೇ ಕುಳಿತಿದ್ದಾರೆ, ತಮ್ಮ ದೂರಿಗೆ ನಾನು ಸಾಕ್ಷಿ ನುಡಿದು ಬರುತ್ತೇನೆಂದು ನಂಬಿ ಕಾಯುತ್ತಿದ್ದಾರೆ. ಫಲಕ ಬಿಚ್ಚಲು ಯಾರಾದರೂ ಹೋಗುವುದಿದ್ದರೆ ಹತ್ತು ನಿಮಿಷ ತಡೆದು ಹೋಗಲಿ. ಅವರಿಗೆ ಮೊದಲು ನಾನೇ ಹೇಳಬೇಕು.

ಸ್ಥಳ: ವಾದು ಸಲ್ಚಿಯೆ
ದಿನಾಂಕ: 18-06-2012, ಬೆಳಿಗ್ಗೆ 11-05
ಸಹಿ: ವೆತೂರಿಯಾ ಬಲಾಬನ್